ಉಡಿ ತುಂಬಿ ಕಳಿಸುತ್ತಿದ್ದ ಬ್ಯಾಂಕು

ಈಗಿನ ಬ್ಯಾಂಕಿನವರು ಆಗಾಗ ಮನೆಗೆ ಕಾಗದ ಕಳಿಸುತ್ತಾರೆ. ನಿಮ್ಮ ಡಿಪಾಜಿಟ್ಟಿಗೆ ಇನ್ಶೂರೆನ್ಸ್ ಇದೆ, ಕಂಪ್ಲೇಂಟ್ ಇದ್ದರೆ ಇಂಥವರಿಗೆ ಬರೆಯಿರಿ, ಎಂದೆಲ್ಲ. ಕನ್ನಡಕ ಹಾಕಿಕೊಂಡು ಪೂರ್ತಿ ಓದುತ್ತೇನೆ, ಮಡಚಿ ಇಡುತ್ತೇನೆ. ಇದನ್ನು ಓದಬೇಕಾಗಿದ್ದವಳು ನನ್ನ ಅತ್ತೆ, ಅಪ್ಪನ ಅಕ್ಕ. ಅವಳಿಗೆ ಓದು ಬರುತ್ತಿರಲಿಲ್ಲ, ಅವಳ ಕಾಲಕ್ಕೆ ಇಂಥ ಕಾಗದವೂ ಇರಲಿಲ್ಲ.

ಅತ್ತೆಯನ್ನು ಕಮಲಾಪುರಕ್ಕೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲವೆಂದು ಮಾವ ಇನ್ನೊಬ್ಬಳನ್ನು ತಂದರು. ಒಂದೇ ಮನೆ, ಒಂದೇ ಒಲೆ, ಇಬ್ಬರು ಹೆಂಡಿರು. ದೊಡ್ಡ ಜಗಳವೇನೂ ಇರಲಿಲ್ಲ. ಜಗಳವಿದ್ದಿದ್ದರೆ ಒಂದು ದಿನ ಮುಗಿಯುತ್ತಿತ್ತೇನೋ. ಅತ್ತೆಗೆ ಬೇಕಾಗಿದ್ದದ್ದು ಸಂತೆ ಬಯಲಿನ ಪಕ್ಕದ ಒಂದು ತುಂಡು ಜಾಗ, ಅದರ ಮೇಲೆ ಎರಡು ಖೋಲಿಯ ಮನೆ. ತಾನು ಹಾಕಿದ ಬೀಗವನ್ನು ತಾನೇ ತೆಗೆಯಬೇಕು, ಅಷ್ಟೇ ಅವಳ ಆಂಬಿಶನ್. ಅದಕ್ಕಾಗಿ ತವರಿನ ಬಂಗಾರದ ಪಾಟಲಿ ಬಳೆ ಮಾರಿ, ಬಂದದ್ದನ್ನು ಕಲಬುರಗಿಯ ಒಂದು ಬ್ಯಾಂಕಿನಲ್ಲಿಟ್ಟಿದ್ದಳು.

ಬ್ಯಾಂಕೆಂದರೆ ಒಬ್ಬ ಸಾಹುಕಾರರ ವಾಡೆಯ ಮುಂದಿನ ಪಡಸಾಲೆ. ಒಂದು ಮೇಜು, ಉರ್ದು ಮತ್ತು ಇಂಗ್ಲಿಷಿನಲ್ಲಿ ಬರೆದ ಬೋರ್ಡು, ಗೋಡೆಗೆ ನಿಜಾಮರ ಫೋಟೋ. ಫೋಟೋ ಇರುವಲ್ಲಿ ಸರ್ಕಾರವೂ ಇದೆ ಎಂದು ಜನ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗುತ್ತಿದ್ದರು. ಅದು ಗಂಡಸರ ಬಾಗಿಲು. ಹೆಂಗಸರಿಗೆ ಹಿಂದಿನ ಬಾಗಿಲು, ಅಲ್ಲಿ ಸಾಹುಕಾರರ ಹೆಂಡತಿ. ಹಣ ಇಡಲು ಬಂದ ಒಬ್ಬೊಬ್ಬಳನ್ನೂ ಆಕೆ ಮನೆಮಗಳ ಹಾಗೆ ಕೂಡಿಸಿ, ಉಣ್ಣಿಸಿ, ಉಡಿ ತುಂಬಿ ಕಳಿಸುತ್ತಿದ್ದಳು. ರಿಸೀಟು ಆಮೇಲೆ ಬರುತ್ತಿತ್ತು. ಎಷ್ಟೋ ಹೆಂಗಸರು ಅದನ್ನು ಕೇಳುತ್ತಲೂ ಇರಲಿಲ್ಲ.

ಆ ಬೇಸಿಗೆ ನಾನು ಹೈದರಾಬಾದಿನ ಕಾನ್ವೆಂಟಿನಿಂದ ರಜೆಗೆ ಬಂದಿದ್ದೆ. ಜಾಗದವನು ಮುಂದಿನ ಸಂತೆಯೊಳಗೆ ಹಣ ಬೇಕೆಂದಿದ್ದ, ಇಲ್ಲದಿದ್ದರೆ ಬೇರೆಯವರಿಗೆ ಕೊಡುವವನಿದ್ದ. "ನಿನಗ ಇಂಗ್ಲೀಷ ಬರ್ತದ, ನೀ ನನ್ನ ಸಂಗಾಟ ನಡಿ," ಎಂದು ಅತ್ತೆ ನನ್ನನ್ನು ಹೊರಡಿಸಿದಳು. ಬಸ್ಸಿನಲ್ಲಿ ಮಹಾಗಾಂವದ ಹತ್ತಿರ ಹತ್ತಿದ ಮುದುಕನೊಬ್ಬ ನಾವು ಎಲ್ಲಿಗೆಂದು ವಿಚಾರಿಸಿದ.

"ಆ ಬ್ಯಾಂಕಿಗೇನ್ರಿ ಯಕ್ಕಾ? ಹಂಗಾರ ಲಗೂನ ಹೋಗ್ರಿ. ಅಲ್ಲಿ ರೊಕ್ಕ ತೀರ್‍ಯಾವಂತ ಮಂದಿ ಬಾಗಲಾಗ ಗುದ್ದಾಡಾಕತ್ತಾರ."

"ಅದು ಮುಂದಿನ ಬಾಗಲದ ಸುದ್ದಿ," ಎಂದಳು ಅತ್ತೆ. "ನಾವು ಹಿಂದಿನ ಬಾಗಲದವರು."

ಮುದುಕ ನನ್ನ ಮುಖ ನೋಡಿ ಕಿಟಕಿಯ ಕಡೆ ತಿರುಗಿದ.

ವಾಡೆಯ ಮುಂದೆ ನಿಜವಾಗಿಯೂ ಗದ್ದಲವಿತ್ತು. ನಾವು ಸಂದಿಯಲ್ಲಿ ಸುತ್ತಿ ಹಿಂದೆ ಹೋದೆವು. ಒಳಗೆ ತಂಪು, ಬೆಲ್ಲ ಹಾಕಿದ ಸಜ್ಜಕದ ವಾಸನೆ.

"ಬಾ ನಮ್ಮವ್ವ, ತವರು ಮನಿ ಈಗ ನೆನಪಾತೇನು?" ಸಾಹುಕಾರರ ಹೆಂಡತಿ ಅತ್ತೆಯ ಗಲ್ಲ ಸವರಿದಳು. ನನ್ನ ಕಡೆ ತಿರುಗಿ, "ಇಕಿ ಯಾರ? ದೊರೆಸಾನಿಗತೆ ಬೂಟ ಹಾಕ್ಕೊಂಡಾಳಲ್ಲ!"

ಅತ್ತೆ ಎರಡು ಸಲ ಬಾಯಿ ತೆರೆದಳು. "ಒಂದು ಮಾತಿತ್ರಿ..." ಎಂದಾಗಲೆಲ್ಲ ತಟ್ಟೆಗೆ ಇನ್ನೊಂದು ಸೌಟು ಸಜ್ಜಕ ಬಿತ್ತು. "ಮಾತು ಎಲ್ಲಿ ಓಡಿ ಹೋಗ್ತದ? ಮೊದಲ ಉಣ್ಣು." ಊಟದ ಹೊತ್ತಿನಲ್ಲಿ ದುಡ್ಡಿನ ಮಾತು ಬ್ಯಾಡ್ ಮ್ಯಾನರ್ಸ್ ಎಂದು ನಮ್ಮ ಸಿಸ್ಟರ್ಸ್ ಹೇಳಿಕೊಟ್ಟಿದ್ದರು. ಆದರೂ ನಾನೇ ಅಂದೆ: "ಅತ್ತಿ ರೊಕ್ಕ ವಿತ್‌ಡ್ರಾ ಮಾಡಾಕ ಬಂದಾಳ್ರಿ. ಇವತ್ತೇ ಬೇಕು."

ಅತ್ತೆ ನನ್ನ ತೊಡೆ ಚಿವುಟಿದಳು. ಸಾಹುಕಾರರು ಯಾವಾಗ ಬಂದು ಬಾಗಿಲಲ್ಲಿ ನಿಂತಿದ್ದರೋ, ಬಹಳ ಮೆತ್ತಗೆ, "ಕೊಡೂಣು. ಆಕಿ ರೊಕ್ಕ ಆಕಿಗಿ ಯಾಕ ಕೊಡಬಾರ್ದು?" ಎಂದರು. "ಆದ್ರ ಮಗಳು ಬಂದಾಳ. ಮೊದಲ ಉಡಿ ತುಂಬ್ರಿ, ಆಮ್ಯಾಲ ನಾ ಕೊಡ್ತೀನಿ."

ಅತ್ತೆ ಮಣೆಯ ಮೇಲೆ ಕೂತು ಸೆರಗು ಒಡ್ಡಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಮೇಲೊಂದು ಕುಬಸದ ಖಣ. ಉಡಿ ತುಂಬಿದ ಮೇಲೆ ಮಗಳಾದವಳು ಸೆರಗನ್ನು ಎರಡೂ ಕೈಯಿಂದ ಹಿಡಿದು, ದೇವರಿಗೆ ತಲೆಬಾಗಿ, ಹೊಸ್ತಿಲು ದಾಟಬೇಕು. ತುಂಬಿದ ಉಡಿಯ ಮೇಲೆ ತವರಿನಲ್ಲಿ ಮತ್ತೊಂದು ಕೇಳಿದರೂ ತೆಗೆದುಕೊಂಡರೂ ತವರಿಗೆ ಕೇಡು. ಸಾಹುಕಾರರು ಬಾಗಿಲಲ್ಲೇ ಇದ್ದರು. "ರೊಕ್ಕ ತರಲೇನವ್ವ?" ಎಂದೂ ಕೇಳಿದರು. ಅತ್ತೆ ಕೈಯನ್ನು ಸೆರಗಿನಿಂದ ಬಿಡಿಸಲಿಲ್ಲ. "ಇರಲಿ ಬಿಡ್ರಿ, ಎಲ್ಲಿ ಹೋಗ್ತದ," ಎಂದು ಹೊಸ್ತಿಲು ದಾಟಿದಳು. ಅವರು ತಿಳಿದೇ ಮಾಡಿದರೋ, ಅವರಿಗೂ ಅದು ಬರೀ ವಾಡಿಕೆಯೋ, ನನಗೆ ಇವತ್ತಿಗೂ ಗೊತ್ತಾಗಿಲ್ಲ. ತಲೆ ಕೆಡಿಸಿಕೊಳ್ಳುವ ಶಕ್ತಿಯೂ ಈಗಿಲ್ಲ.

"ಅತ್ತೀ, ರೊಕ್ಕ?" ಎಂದೆ ಸಂದಿಯಲ್ಲಿ.

"ತುಂಬಿದ ಉಡಿ ಮ್ಯಾಲ ಕೈ ಚಾಚಂಗಿಲ್ಲ ಕೂಸೇ. ಎರಡು ದಿನ ಬಿಟ್ಟು ಬರೂಣು."

ಎರಡು ದಿನ ಬಿಟ್ಟು ಹೋದಾಗ ವಾಡೆಯ ಎರಡೂ ಬಾಗಿಲಿಗೆ ಬೀಗವಿತ್ತು. ಸಾಹುಕಾರರು ಮುಂಬಯಿಗೆ ಹೋದರೆಂದು ಎದುರಿನ ಅಂಗಡಿಯವನು ಹೇಳಿದ. ಅಲ್ಲಿಂದ ದೂರು ಕೊಡಲು ಸರ್ಕಾರಿ ಕಚೇರಿಗೆ ಹೋದೆವು. ಗುಮಾಸ್ತರು ವಯಸ್ಸಾದವರು, ಒಳ್ಳೆಯವರು.

"ಅದು ಖಾನಗಿ ಬ್ಯಾಂಕ್ ಅದ ಅಮ್ಮಾ, ಸರ್ಕಾರದ್ದಲ್ಲ. ಅದರ ಮ್ಯಾಲ ಯಾರದೂ ನಿಗರಾನಿ ಇಲ್ಲ, ಯಾರೂ ಲೆಕ್ಕ ನೋಡಂಗಿಲ್ಲ."

"ಹುಜೂರರ ಫೋಟೋ ಇತ್ತಲ್ರಿ?"

"ಫೋಟೋ ನಮ್ಮ ಮನ್ಯಾಗನೂ ಅದ. ಹಂಗಂತ ನಮ್ಮನಿ ಬ್ಯಾಂಕ್ ಆಗ್ತದೇನಮ್ಮಾ?" ಪಕ್ಕದವರು ನಕ್ಕರು. ಅವರು ನಗಲಿಲ್ಲ. ಕಾಗದ ಎಳೆದುಕೊಂಡು ಟಾಕನ್ನು ಮಸಿಯಲ್ಲಿ ಅದ್ದಿದರು. "ಆದ್ರೂ ಅರ್ಜಿ ಬರೀತೀನಿ. ನೀವು ರೊಕ್ಕ ಕೇಳಿದ್ರಿ, ಅವರು ಕೊಡಂಗಿಲ್ಲ ಅಂದ್ರು. ಹೌದಿಲ್ಲೋ?"

ಹೌದು ಅನ್ನು ಅತ್ತಿ, ಎಂದು ನಾನು ಅವಳ ಮೊಣಕೈ ಹಿಂಡಿದೆ.

"ಇಲ್ರಿ," ಎಂದಳು ಅತ್ತೆ. "ಅವರು ಕೊಡ್ತೀನಿ ಅಂದ್ರು. ನಾನೇ ತಗೊಳ್ಲಿಲ್ಲ."

ಗುಮಾಸ್ತರು ಟಾಕನ್ನು ಒರೆಸಿ ಪಕ್ಕಕ್ಕಿಟ್ಟರು.

ಜಾಗವನ್ನು ಬೆಲ್ಲದ ವ್ಯಾಪಾರಿಯೊಬ್ಬ ಕೊಂಡುಕೊಂಡ. ಆ ಸುದ್ದಿ ಬಂದ ಸಂಜೆ ನಾನು ಕಮಲಾಪುರದಲ್ಲೇ ಇದ್ದೆ. ಸವತಿ ಒಲೆಯ ಮುಂದೆ ಕೂತಿದ್ದಳು. ಅವಳಿಗಿನ್ನೂ ಏನೂ ತಿಳಿದಿರಲಿಲ್ಲ.

"ಯಾವಾಗ ಹೊಂಟಿ ಅಕ್ಕಾ, ಹೊಸಾ ಮನಿಗಿ?"

ಅತ್ತೆ ಕೈಕಾಲು ತೊಳೆದು ಒಳಗೆ ಬಂದಳು. "ಹಿಟ್ಟು ನಾದೀಯೇನು?"

"ಈಗ ನಾದಾಕತ್ತೀನಿ."

"ಆ ಕಡಿ ಸರಿ. ರೊಟ್ಟಿ ನಾ ಬಡೀತೀನಿ, ನೀ ಬೇಸು."