ಗಾರೆಯಲ್ಲಿ ಕರಗಿದ ಹೆಬ್ಬೆರಳು

ದೂಳಕ್ಕ ಎಂದೇ ಎಲ್ಲರೂ ಕರೆಯುತ್ತಿದ್ದರು. ತಾಯಿ ಇಟ್ಟ ಹೆಸರು ಚೆನ್ನಾಗಿಯೇ ಇತ್ತು ಪಾಪ. ರೆಪ್ಪೆಯ ಕೂದಲೂ ದೂಳು ಹಿಡಿದು ಬೆಳ್ಳಗಾದ ಮೇಲೆ ಅದು ಯಾರಿಗೆ ನೆನಪಿರುತ್ತದೆ? ಒಡೆದ ಕಟ್ಟಡಗಳ ಚೂರನ್ನು ಲಾರಿಗಳು ತಂದು ಸುರಿಯುವ ಅಂಗಳದಲ್ಲಿ ಅವಳಿಗೆ ಕೂಲಿ. ಬೆಲ್ಟಿನ ಮೇಲೆ ಬರುವ ಕಾಂಕ್ರೀಟು ಮುಂದೆ ಹೋಗಿ ಪುಡಿಯಾಗಿ, ಸಿಮೆಂಟಿನೊಡನೆ ಅಚ್ಚಿಗೆ ಬಿದ್ದು, ಕಾಲುದಾರಿಗೆ ಹಾಸುವ ಬ್ಲಾಕು ಆಗುತ್ತಿತ್ತು. ಮರ, ತಂತಿ, ಗೋಡೆಯ ಗಾರೆ ಇವನ್ನು ಆರಿಸಿ ಎಸೆಯುವುದು ಅವಳ ಕೆಲಸ. ಗಾರೆ ಸೇರಿತೋ, ಬ್ಲಾಕು ಬಿಸ್ಕತ್ತಿನಂತೆ ಉದುರುತ್ತದೆ.

ಗಂಡ ಗಾರೆ ಮೇಸ್ತ್ರಿ. ಇಟ್ಟಿಗೆಪುಡಿಯನ್ನು ಬಟ್ಟೆಯಲ್ಲಿ ಸೋಸಿ ಗಾರೆಗೆ ಬೆರೆಸುತ್ತಿದ್ದವನು ಅವನೊಬ್ಬನೇ. ಅವನ ಗೋಡೆಗೆ ಒಂದು ತಿಳಿಗೆಂಪು ಇರುತ್ತಿತ್ತು. ಇನ್ನೊಂದು ಹುಚ್ಚೂ ಇತ್ತು ಮಹಾರಾಯನಿಗೆ: ಕೆಲಸ ಮುಗಿದ ಮೇಲೆ ಹಸಿಗೋಡೆಯ ಕೆಳಮೂಲೆಗೆ ಹೆಬ್ಬೆರಳು ಒತ್ತುವುದು.

"ಏನ್ ಮೇಸ್ತ್ರಿ, ಕಟ್ಟಡಾನ ನಿನ್ ಹೆಸರಿಗೇ ಬರ್ಸ್ಕೊಂಡ್ಯಾ?" ಎಂದು ಜೊತೆಯವರು ಛೇಡಿಸುತ್ತಿದ್ದರು.

ಈಗ ಲಕ್ವ ಹೊಡೆದು ಮಲಗಿದ್ದ. ಕಟ್ಟಿದ್ದೆಲ್ಲ ಒಂದೊಂದಾಗಿ ನೆಲಕ್ಕೆ ಬಿದ್ದು, ಉಳಿದದ್ದು ಹೆರಿಗೆ ಆಸ್ಪತ್ರೆ ಒಂದೇ. ಸಂಜೆ ಅವಳು ತಟ್ಟೆ ಹಿಡಿದು ಕುಳಿತ ಕೂಡಲೇ ಕೇಳುತ್ತಿದ್ದ:

"ಆಸ್ಪತ್ರೆ ಇದೆಯೇನೇ?"

"ಇದೆ ಕಣ್ರೀ, ನಿಮಗಿಂತ ಗಟ್ಟಿಯಾಗಿದೆ."

ಅದನ್ನು ಕೇಳಿಯೇ ಅವನು ತುತ್ತಿಗೆ ಬಾಯಿ ತೆರೆಯುತ್ತಿದ್ದ. ಇಲ್ಲ ಎಂದರೆ ಆ ಬಾಯಿ ಮುಚ್ಚಿಯೇ ಹೋದೀತು ಎಂಬ ಭಯ ಅವಳಿಗೆ.

ಆ ಆಸ್ಪತ್ರೆಯೂ ಒಂದು ದಿನ ಲಾರಿ ಹತ್ತಿ ಬಂತು. ಬೆಲ್ಟಿನ ಮೇಲೆ ತಿಳಿಗೆಂಪು ಗಾರೆಯ ಹೆಂಟೆ, ಅದರ ಮೂಲೆಯಲ್ಲಿ ಅದೇ ಹೆಬ್ಬೆರಳು. ದೂಳಕ್ಕನ ಕೈ ನಿಂತಿತು.

ಯಂತ್ರ ನಡೆಸುವ ಮೈದುನ ಕೂಗಿದ: "ಅತ್ತಿಗೇ, ಕೈ ಆಡ್ಲಿ! ಬೆಲ್ಟೇನು ನಿಮ್ಮನೆ ಅಳಿಯಾನಾ, ಕಾದು ಕೂರೋಕೆ?"

ಎಸೆದರೆ ಅದು ಕಸದ ಗುಂಡಿಗೆ. ಎಲ್ಲ ಗೊತ್ತಿದ್ದೂ ಅವಳು ಅದನ್ನು ಬೆಲ್ಟಿನ ಮೇಲೇ ಬಿಟ್ಟಳು. ಎಲ್ಲೋ ಒಂದು ದಾರಿಯಲ್ಲಾದರೂ ಇರಲಿ ಎಂದು.

ಬ್ಲಾಕು ಒಣಗಿದಾಗ ಒಂದರ ಅಂಚು ಉದುರಿತು.

"ಗಾರೆ ಬಿಟ್ಟೋರು ಯಾರು?" ಎಂದ ಮೈದುನ.

"ನಾನೇ ಕಣಪ್ಪ. ನಿಮ್ಮಣ್ಣಂದು."

ಅವನು ಉಳಿದ ಒಡಕು ಬ್ಲಾಕುಗಳನ್ನೆಲ್ಲ ಮತ್ತೆ ಯಂತ್ರಕ್ಕೆ ಸುರಿದ, ಅದೊಂದನ್ನು ಮಾತ್ರ ಅವಳ ಚೀಲಕ್ಕೆ ಹಾಕಿದ. ಬೆರಳಿನ ಗುರುತು ಕರಗಿಹೋಗಿದೆ, ಇನ್ನು ಯಾರಿಗೆ ತಿಳಿದೀತು ಎಂದುಕೊಂಡು ಸಂಜೆ ಮನೆಯಲ್ಲಿ ಅವಳು ಅದನ್ನು ಗಂಡನ ಮಂಚದ ಮೋಟುಕಾಲಿನ ಕೆಳಗೆ ಇಡಲು ಬಗ್ಗಿದಳು.

"ಏನೇ ಅದು? ಕೊಡಿಲ್ಲಿ."

ಲಕ್ವ ಹೊಡೆಯದ ಕೈಯಲ್ಲಿ ಅಂಚು ಕೆರೆದ. ತಿಳಿಗೆಂಪು ಪುಡಿಯನ್ನು ಎರಡು ಬೆರಳ ನಡುವೆ ಹೊಸಕಿ ಹೊಸಕಿ ನೋಡಿದ. "ಇದಕ್ಕೆ ಗಾರೆ ಸೇರಿದೆ," ಎಂದ, ಅಷ್ಟೇ.

ಅವಳು ತಟ್ಟೆ ಹಿಡಿದು ಕುಳಿತಳು. ಇದೆ ಕಣ್ರೀ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅನ್ನ ತಣ್ಣಗಾಯಿತು. ಅವನು ಕೇಳಲೇ ಇಲ್ಲ.