ಕುಂಕುಮ ಹಚ್ಚಿದ ಹಾರ್ಡ್ ಡಿಸ್ಕ್

ಇವತ್ತು ಅಟ್ಟ ಗುಡಿಸುವಾಗ ಹಳೆಯ ಹಾರ್ಡ್ ಡಿಸ್ಕ್ ಒಂದು ಸಿಕ್ಕಿತು. ಅದರ ಮೇಲೆ ಇನ್ನೂ ಕುಂಕುಮದ ಕಲೆ ಇದೆ.

ಅದನ್ನು ತಂದ ದಿನ ಅಪ್ಪ ಕೈಕಾಲು ತೊಳೆದು, ಕುಂಕುಮ ಇಟ್ಟು, ಆಮೇಲೆ ಕಂಪ್ಯೂಟರಿಗೆ ಜೋಡಿಸಿದರು. ಮೊದಲೇ ಇದ್ದ ಚಿಕ್ಕ ಡಿಸ್ಕಿನಲ್ಲಿ ಸಿ, ಡಿ ಎಂದು ಎರಡು ಭಾಗ. ಡಿ ಒಳಗೆ, ತೀರಿಕೊಂಡ ಅಜ್ಜಿ ಮೈಕ್ ಮುಂದೆ ಹೇಳಿದ್ದ ಆರತಿ ಹಾಡುಗಳಿದ್ದವು. ನಡುನಡುವೆ ಹತ್ತಿರದ ಜಕ್ಕೂರು ಏರೋಡ್ರೋಮಿನ ಸಣ್ಣ ವಿಮಾನದ ಸದ್ದೂ ಇತ್ತು.

"ಸಿ, ಡಿ ಆಯ್ತಲ್ಲ, ಹೊಸದು ಇ ಕಣೋ," ಎಂದು ಅಪ್ಪ ಇ ಡ್ರೈವನ್ನು ಫಾರ್ಮ್ಯಾಟ್ ಮಾಡಿದರು. ಆಮೇಲೆ ನಾನು ಡಿ ತೆರೆಯಲು ಹೋದರೆ, ಅದನ್ನಿನ್ನೂ ಫಾರ್ಮ್ಯಾಟೇ ಮಾಡಿಲ್ಲ ಎಂದಿತು ಕಂಪ್ಯೂಟರ್.

"ಹಂಗಾದ್ರೆ ನಾನು ಅಳಿಸಿದ್ದು ಯಾವ್ದನ್ನ?" ಎಂದರು ಅಪ್ಪ.

ಹೊಸ ಡಿಸ್ಕ್ ಬಂದು ಡಿ ಎಂಬ ಹೆಸರು ಹಿಡಿದಿತ್ತಂತೆ, ನಮ್ಮ ಹಳೆಯ ‘ಡಿ’ಯೇ ‘ಇ’ ಆಗಿತ್ತಂತೆ. ಅಳಿಸಿಹೋದದ್ದು ಅಜ್ಜಿಯ ಹಾಡುಗಳು. ಇದ್ದಲ್ಲೇ ಇದ್ದದ್ದಕ್ಕೆ ಹೆಸರು ಬದಲಾಗುವುದು ಹೇಗೆ? ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಅಪ್ಪನಿಗೆ ಈಗ ಮರೆವು; ಅವರಿಗೆ ಡಿಸ್ಕ್ ತೋರಿಸಿದೆ. ಕುಂಕುಮವನ್ನು ಬೆರಳಿಂದ ಮುಟ್ಟಿ ನೋಡಿದರು.

"ನಮ್ಮಮ್ಮನ ಹಾಡು ಇದರಲ್ಲೇ ಅಲ್ವೇನೋ ಇರೋದು? ಜೋಪಾನವಾಗಿಡು."

"ಹೂಂ ಅಪ್ಪ," ಎಂದೆ. ಕಲೆ ಉಳಿಸಿ, ಸುತ್ತಲಿನ ಧೂಳು ಮಾತ್ರ ಒರೆಸಿದೆ.