ಬಂದೂಕಿಗೊಬ್ಬ ವೈರಿ

ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುವುದು ನಮ್ಮ ಮನೆಯಲ್ಲಿ ನನ್ನ ಪಾಲಿಗೆ ಉಳಿದಿರುವ ಕೆಲವೇ ಗಂಡುಕೆಲಸಗಳಲ್ಲೊಂದು. ಮೊನ್ನೆ ಭಾನುವಾರ ಡಬ್ಬಿಯ ಮೂತಿ ಒತ್ತಿ ನಾಲ್ಕು ಹನಿ ಬಿಟ್ಟೆನೋ ಇಲ್ಲವೋ, ಆ ವಾಸನೆ ನನ್ನನ್ನು ಸೀದಾ ಹಾಸನದ ಒಂದು ಬಂದೂಕಿನ ಅಂಗಡಿಗೆ ಎಳೆದುಕೊಂಡು ಹೋಯಿತು. ನೀವು ನಂಬಲಿಕ್ಕಿಲ್ಲ, ಒಂದು ಕಾಲದಲ್ಲಿ ನಾನೂ ಬಂದೂಕು ಕೊಳ್ಳಲು ಹೊರಟವನು. ನನ್ನ ಹೆಂಡತಿಯೂ ಆಗ ನಂಬಿರಲಿಲ್ಲ.

ನಾನು ಹೊಳೆನರಸೀಪುರದ ಹೈಸ್ಕೂಲೊಂದರಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವನು. ಆಯುಧ ಎಂದು ನಾನು ಹಿಡಿದದ್ದು ಎರಡೇ: ಕೊರಳಿಗೆ ಸೀಟಿ, ಕ್ರೀಡಾಕೂಟದ ದಿನ ಓಟ ಶುರು ಮಾಡಿಸಲು ಒಂದು ಪಟಾಕಿ ಪಿಸ್ತೂಲು. ಅದೂ ಮೂರರಲ್ಲಿ ಎರಡು ಸಲ ಹಾರುತ್ತಿರಲಿಲ್ಲ. ಹುಡುಗರು ನನ್ನ ಬಾಯಿ ನೋಡಿಕೊಂಡೇ ಓಡುತ್ತಿದ್ದರು. ಹೀಗಿರುವಾಗ ನಿವೃತ್ತಿಯಾದ ವರ್ಷ ಗೆಳೆಯರೊಬ್ಬರು ತೋಟದವರ ಕ್ಲಬ್ಬೊಂದಕ್ಕೆ ಕರೆದುಕೊಂಡು ಹೋದರು. ಅಲ್ಲಿ ಒಂದು ಯಂತ್ರ ಮಣ್ಣಿನ ಬಿಲ್ಲೆಗಳನ್ನು ಆಕಾಶಕ್ಕೆ ಎಸೆಯುತ್ತಿತ್ತು, ಟೋಪಿ ಹಾಕಿದ ಹೊಟ್ಟೆವಂತರು ನಿಂತಲ್ಲೇ ನಿಂತು ಅವನ್ನು ಹೊಡೆದು ಪುಡಿ ಮಾಡುತ್ತಿದ್ದರು. ಮೂವತ್ತು ವರ್ಷ ಮಕ್ಕಳನ್ನು ಬಿಸಿಲಿನಲ್ಲಿ ಓಡಿಸಿದ ನನಗೆ, ಓಡಬೇಕಾದ ಅಗತ್ಯವೇ ಇಲ್ಲದ ಆಟವೊಂದಿದೆ ಎಂದು ತಿಳಿದದ್ದು ಆವತ್ತು.

ಅದೇ ವಾರ ನಮ್ಮ ಬಡಾವಣೆಯಲ್ಲಿ ಪಕ್ಕದ ಮನೆಯವರ ಬಚ್ಚಲಿನಿಂದ ತಾಮ್ರದ ಹಂಡೆ ಕಳುವಾಯಿತು. ಆಟದ ಆಸೆಗೆ ಮನೆ ಕಾವಲಿನ ಗಾಂಭೀರ್ಯ ಸೇರಿಕೊಂಡಿತು. ಹೆಂಡತಿಗೆ ಹೇಳಿದೆ, ‘ಒಂದು ಬಂದೂಕು ಇದ್ದರೆ ಕ್ಷೇಮ.’ ಅವಳು ಅವರೆಕಾಳು ಹಿಸುಕುತ್ತಲೇ, ‘ನಮ್ಮನೇಲಿ ಹಂಡೆ ಎಲ್ಲೈತೆ? ಗೀಸರ್ ಅಲ್ವಾ ಇರೋದು’ ಎಂದಳು. ಭದ್ರತೆಯ ವಿಷಯ ಹೆಂಗಸರಿಗೆ ತಿಳಿಯುವುದಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಬಾಯಿಬಿಟ್ಟು ಹೇಳುವಷ್ಟು ಭದ್ರತೆ ನನಗೂ ಇರಲಿಲ್ಲ.

ಹಾಸನದ ಅಂಗಡಿಯ ಯಜಮಾನರು ಬಿಳಿ ಗಡ್ಡದ ಹಿರಿಯರು. ಎಣ್ಣೆ ಬಟ್ಟೆಯಲ್ಲಿ ಒಂದು ನಳಿಗೆ ಒರೆಸುತ್ತಾ ಕೇಳಿದರು, ‘ಮೊದ್ಲು ಹೇಳಿ ಮೇಷ್ಟ್ರೇ, ಹಾರೋದನ್ನ ಹೊಡೀಬೇಕಾ, ನಿಂತಿರೋನ್ನ ಹೆದರಿಸ್ಬೇಕಾ?’

‘ಎರಡೂ’ ಎಂದೆ.

‘ಹಾರೋದಕ್ಕೆ ಉದ್ದ ನಳಿಗೆ ಬೇಕು. ಅದನ್ನ ಮನೆ ಒಳಗೆ ತಿರುಗ್ಸೋಕೆ ಹೋದ್ರೆ ಶೋಕೇಸಿನ ಗಾಜು ಒಡೆಯುತ್ತೆ, ಕಳ್ಳ ಹಂಗೇ ಇರ್ತಾನೆ. ಗಿಡ್ಡ ನಳಿಗೆ ತಗೊಂಡ್ರೆ ಕಳ್ಳ ಓಡ್ತಾನೆ, ನಿಮ್ಮ ಮಣ್ಣಿನ ಬಿಲ್ಲೆ ನಗ್ತಾ ಹೋಗುತ್ತೆ.’

ಒಂಟಿ ನಳಿಗೆ, ಜೋಡಿ ನಳಿಗೆ, ಪಕ್ಕಪಕ್ಕದ್ದು, ಒಂದರ ಮೇಲೊಂದು ಕೂತದ್ದು ಎಲ್ಲವನ್ನೂ ಕೈಗಿಟ್ಟರು. ಮೊಣಕೈ ಮಡಿಸಿ, ಬಂದೂಕಿನ ಮರದ ಬುಡವನ್ನು ಮಡಿಕೆಗೆ ಒತ್ತಿ, ಬೆರಳು ಕುದುರೆಗೆ, ಅಂದರೆ ಟ್ರಿಗರ್‌ಗೆ, ಸಲೀಸಾಗಿ ಮುಟ್ಟಬೇಕಂತೆ. ನನಗೆ ಮುಟ್ಟಲಿಲ್ಲ. ‘ಅರ್ಧ ಇಂಚು ಕುಯ್ಯಬೇಕಾಗುತ್ತೆ’ ಎಂದರು. ಮರವನ್ನೇ ತಾನೆ ಎಂದು ಕೇಳಿಕೊಂಡೆ. ಕೊನೆಗೆ ಒಂದರ ಮೇಲೊಂದು ನಳಿಗೆಯದನ್ನು ಮೆಚ್ಚಿದೆ. ಕನ್ನಡಿಯಲ್ಲಿ ಅದನ್ನು ಹಿಡಿದ ನಾನು ನಿಜಕ್ಕೂ ಯಾರೋ ಆಗಿ ಕಾಣುತ್ತಿದ್ದೆ. ಯಜಮಾನರು ಅದನ್ನು ಮೆತ್ತಗೆ ನನ್ನ ಕೈಯಿಂದ ಬಿಡಿಸಿಕೊಂಡು, ‘ಲೈಸೆನ್ಸ್ ತಗೊಂಬನ್ನಿ’ ಎಂದರು.

ಲೈಸೆನ್ಸಿನ ಅರ್ಜಿಯಲ್ಲಿ ಕಾರಣ ಕೊಡಬೇಕು. ಬೆಳೆ ರಕ್ಷಣೆ ಎನ್ನಲು ನನ್ನ ಪಾಲಿನ ಹೊಲ ಮಾರಿ ಸೈಟು ಕೊಂಡಾಗಿತ್ತು. ಕ್ರೀಡೆ ಎಂದರೆ ಯಾವುದಾದರೂ ಕ್ಲಬ್ಬಿನ ಸದಸ್ಯನಾಗಿರಬೇಕು, ಅಲ್ಲಿ ನನ್ನನ್ನು ಕರೆದದ್ದು ಊಟಕ್ಕೆ ಮಾತ್ರ. ಉಳಿದದ್ದು ಪ್ರಾಣಭಯ. ವಿಚಾರಣೆಗೆ ಬಂದ ಪೇದೆ ನನ್ನ ಹಳೇ ಶಿಷ್ಯ. ನಮ್ರತೆಯಿಂದಲೇ ಕೇಳಿದ, ‘ಸಾ, ಯಾರಿಂದ ಭಯ?’

ಎಷ್ಟು ಯೋಚಿಸಿದರೂ ಒಬ್ಬನ ಹೆಸರೂ ಹೊಳೆಯಲಿಲ್ಲ. ಅರವತ್ತು ವರ್ಷ ಬದುಕಿ, ನನ್ನನ್ನು ಕೊಲ್ಲಬೇಕೆಂದು ಒಬ್ಬನಿಗಾದರೂ ಅನಿಸುವಂಥ ಒಂದು ಕೆಲಸವನ್ನೂ ಮಾಡಿರಲಿಲ್ಲ ನಾನು. ಪೇದೆಗೂ ಪಾಪ ಅನಿಸಿರಬೇಕು. ‘ನೆನಪಾದ್ರೆ ಹೇಳಿ ಸಾ, ಬತ್ತೀನಿ’ ಎಂದು ಎದ್ದು ಹೋದ. ಆ ರಾತ್ರಿ ಊಟ ಸೇರಲಿಲ್ಲ.

ಆಮೇಲೆ ಹೊಳೆಯಿತು: ಬೋರಣ್ಣ! ನನ್ನ ದೊಡ್ಡಪ್ಪನ ಮಗ. ಹಳ್ಳಿಮೈಸೂರಿನ ಹತ್ತಿರ ನಮ್ಮೂರಿನಲ್ಲೇ ಬೇಸಾಯ ಮಾಡಿಕೊಂಡಿದ್ದಾನೆ. ನನ್ನ ಪಾಲಿನ ಹೊಲವನ್ನು ಅವನನ್ನು ಒಂದು ಮಾತೂ ಕೇಳದೆ ಬೇರೆಯವರಿಗೆ ಮಾರಿದೆನೆಂದು ಹನ್ನೊಂದು ವರ್ಷದಿಂದ ನನ್ನ ಜೊತೆ ಮಾತು ಬಿಟ್ಟಿದ್ದ. ನಮ್ಮ ಕಡೆ ಮಾತು ಬಿಡುವುದು ಗಂಡಸರು ಮಾತ್ರ. ನನ್ನ ಹೆಂಡತಿಯೂ ಅತ್ತಿಗೆಯೂ ವಾರಕ್ಕೊಮ್ಮೆ ಫೋನು ಮಾಡುತ್ತಿದ್ದರು, ಗೌರಿಹಬ್ಬಕ್ಕೆ ಬಾಗಿನ ಹೋಗಿ ಬರುತ್ತಿತ್ತು, ಅವರ ಮನೆ ಕಡುಬು ನಮ್ಮ ಮನೆಗೆ ಬಂದು ನಾನೇ ಹೆಚ್ಚು ತಿನ್ನುತ್ತಿದ್ದೆ. ಆದರೆ ದ್ವೇಷ ದ್ವೇಷವೇ. ಹಾಗೆಂದು ಅವನು ಒಂದು ಕಾಗದದಲ್ಲಿ ಬರೆದು ಸಹಿ ಹಾಕಿಕೊಟ್ಟರೆ ಸಾಕಾಗಿತ್ತು.

ಹೋದೆ. ಜಗಲಿಯ ಮೇಲೆ ಹಗ್ಗ ಹೊಸೆಯುತ್ತಿದ್ದವನು ತಲೆ ಎತ್ತಲಿಲ್ಲ. ಅತ್ತಿಗೆ ನೀರು ಬೆಲ್ಲ ತಂದಿಟ್ಟರು. ನಾನು ಕಂಬವನ್ನು ನೋಡಿಕೊಂಡು ಬಂದ ಕೆಲಸ ಹೇಳಿದೆ. ಹಗ್ಗ ನಿಂತಿತು.

‘ಏನ್ಲಾ ಅಂದೆ? ನಿನ್ನ ಸಾಯಿಸ್ತೀನಿ ಅಂತ ನಾನೇ ಬರ್ಕೊಡ್ಬೇಕಾ?’

‘ಸಾಯಿಸ್ತೀನಿ ಅಂತ ಬೇಡಣ್ಣ. ಭಯ ಇದೆ ಅನ್ನೋ ಹಾಗೆ ಬರೆದರೆ ಸಾಕು.’

ಬೋರಣ್ಣ ಎದ್ದು ಒಳಗೆ ಹೋದ. ದೊಣ್ಣೆ ತರುತ್ತಾನೆ ಎಂದುಕೊಂಡೆ, ಅದಾದರೂ ಸಾಕ್ಷಿಯಾಗುತ್ತಿತ್ತು. ತಂದದ್ದು ಹಳೇ ಪಂಚೆಯಲ್ಲಿ ಸುತ್ತಿದ ಜೋಡಿ ನಳಿಗೆ ಬಂದೂಕು, ಜೊತೆಗೊಂದು ಪ್ಲಾಸ್ಟಿಕ್ ಕವರು. ಕವರಿನಲ್ಲಿ ಅವನ ಅರ್ಜಿಯ ನಕಲು. ‘ಓದು’ ಎಂದ. ಓದಿದೆ: ‘ನನ್ನ ಚಿಕ್ಕಪ್ಪನ ಮಗ, ದೈಹಿಕ ಶಿಕ್ಷಕ, ಕಟ್ಟುಮಸ್ತಾದ ಆಳು, ಮುಂಗೋಪಿ. ಈತನಿಂದ ನನಗೂ ನನ್ನ ಕುಟುಂಬಕ್ಕೂ ಪ್ರಾಣಭಯವಿರುತ್ತದೆ.’

‘ಮೊದ್ಲು ಬೆಳೆಗೆ ಕಾಡಂದಿ ಕಾಟ ಅಂತ ಬರ್ದಿದ್ದೆ ಕಣ್ಲಾ. ತಿರ್ಗಿಸ್ ಕಳಿಸ್ಬುಟ್ರು. ಅಂದಿಗಿಂತ ದಾಯಾದಿ ಅಂದ್ರೆ ಬೇಗ ಆಯ್ತದೆ ಅಂತ ಅರ್ಜಿ ಬರ್ಯೋನು ಏಳ್ದ. ನೀನೆಂಗೂ ಇದ್ದೆ.’

ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ‘ಕಟ್ಟುಮಸ್ತಾದ ಆಳು’ ಎಂಬಲ್ಲಿ ಕಣ್ಣು ನಿಂತುಬಿಟ್ಟಿತ್ತು. ಸರ್ಕಾರದ ಕಡತದಲ್ಲಿ, ಮೊಹರಿನ ಕೆಳಗೆ, ನಾನು ಅಪಾಯಕಾರಿ! ಇನ್ನೊಮ್ಮೆ ಓದಿದೆ. ಬೋರಣ್ಣ ನನ್ನ ಮುಖ ನೋಡಿ ಮೊದಲು ನಕ್ಕ, ಆಮೇಲೆ ನಾನು ನಕ್ಕೆ, ಒಳಗಿಂದ ಅತ್ತಿಗೆ ನಕ್ಕರು. ಹನ್ನೊಂದು ವರ್ಷದ ಮೌನ ಹೋದದ್ದು ಹಾಗೆ. ಸಂಜೆ ಬೀಳು ಹೊಲದಲ್ಲಿ ನಾನು ಹಳೇ ಹೆಂಚುಗಳನ್ನು ಮೇಲಕ್ಕೆ ಎಸೆದೆ, ಅವನು ಹೊಡೆದ. ಅಂದರೆ ಪ್ರಾಣಭಯ ಎಸೆಯಿತು, ಭಯಗೊಂಡವನು ಹೊಡೆದ. ಗಾಳಿಯಲ್ಲಿ ಒಂದು ಹೆಂಚೂ ಒಡೆಯಲಿಲ್ಲ, ನೆಲಕ್ಕೆ ಬಿದ್ದು ಒಡೆದದ್ದನ್ನೆಲ್ಲ ಅವನು ಲೆಕ್ಕಕ್ಕೆ ಹಿಡಿದ. ಪರವಾನಗಿ ಇಲ್ಲದವನು ಹೊಡೆಯುವುದು ತಪ್ಪು, ಆದ್ದರಿಂದ ನಾನು ಹೊಡೆಯಲಿಲ್ಲ ಎಂದೇ ಓದಿಕೊಳ್ಳಿ. ಭುಜ ಮಾತ್ರ ಎಂಟು ದಿನ ನೋಯಿತು.

ಹೊರಡುವಾಗ ಬೋರಣ್ಣ ಕೈ ಹಿಡಿದು, ‘ಊರೋರ್ ಮುಂದೆ ಮಾತಾಡ್ಬ್ಯಾಡ. ರಿನಿವಲ್‌ಗೆ ಕೇಳ್ಕೊಂಡ್ ಬತ್ತಾರೆ’ ಎಂದ. ಹಾಗಾಗಿ ನಾವು ಗುಟ್ಟಾಗಿ ಅಣ್ಣತಮ್ಮಂದಿರಾದೆವು. ನಮ್ಮನ್ನು ಬಲ್ಲವರಿಲ್ಲದ ಅರಕಲಗೂಡಿನ ಒಂದು ಹೋಟೆಲಿನಲ್ಲಿ ತಿಂಗಳಿಗೊಮ್ಮೆ ದೋಸೆ ತಿಂದು, ಬೇರೆ ಬೇರೆ ಬಸ್ಸಿನಲ್ಲಿ ಮನೆಗೆ ಮರಳುತ್ತಿದ್ದೆವು. ನನ್ನ ಅರ್ಜಿ ನಾನೇ ಬಿಟ್ಟುಬಿಟ್ಟೆ. ಒಂದು ಮನೆತನಕ್ಕೆ ಒಂದು ಭಯ ಸಾಕು. ಅವನ ಬಂದೂಕಾದರೂ ಮನೆ ಕಾದದ್ದು ಅಷ್ಟರಲ್ಲೇ ಇತ್ತು. ಪಂಚಾಯ್ತಿಯಿಂದ ಪಾರ್ಲಿಮೆಂಟಿನವರೆಗೆ ಯಾವ ಚುನಾವಣೆ ಬಂದರೂ ಅದನ್ನು ಠಾಣೆಗೆ ಒಪ್ಪಿಸಬೇಕು. ಚುನಾವಣೆ ಇಲ್ಲದ ದಿನ ಆಯುಧಪೂಜೆಗೆ ಕುಂಬಳಕಾಯಿಯ ಪಕ್ಕ ಮಲಗಿರುತ್ತಿತ್ತು.

ತಮಾಷೆ ಅಂದುಕೊಂಡೇ ಇದ್ದೆ, ಅವನ ದೊಡ್ಡ ಮಗಳ ಮದುವೆಯವರೆಗೆ. ಚನ್ನರಾಯಪಟ್ಟಣದ ಛತ್ರ. ಧಾರೆಯ ಹೊತ್ತಿಗೆ ಚಿಕ್ಕಪ್ಪ ಅಂತ ನಾನೂ ಹಾಲು ಬಿಡಬೇಕು. ಪೊಲೀಸರು, ಪಂಚಾಯ್ತಿಯವರು ಎಲ್ಲ ಬಂದಿದ್ದರು. ಬೋರಣ್ಣ ದೂರದಿಂದಲೇ ಬೇಡ ಎಂಬಂತೆ ತಲೆ ಆಡಿಸಿದ. ನಾನು ಗಂಡಿನ ಕಡೆಯವನ ಹಾಗೆ ಹಿಂದಿನ ಸಾಲಿನಲ್ಲಿ ಕೂತು ಅಕ್ಷತೆ ಎಸೆದೆ. ಅದು ಮುಂದಿನ ಸಾಲಿನವರ ತಲೆಯನ್ನೂ ದಾಟಲಿಲ್ಲ. ನಾನೇ ಎತ್ತಿ ಆಡಿಸಿದ ಮಗು ಅದು. ಬಾಯಿಬಿಟ್ಟು ಹೇಳಬೇಕೆಂದರೆ, ಛತ್ರದ ಹಿಂದೆ ಕೈ ತೊಳೆಯುವ ನಲ್ಲಿಯ ಹತ್ತಿರ ಹೋಗಿ ಅತ್ತೆ.

ಈಗ ಎರಡನೆಯವಳ ಮದುವೆ ಗೊತ್ತಾಗಿದೆ. ಬೋರಣ್ಣನ ಲೈಸೆನ್ಸಿನ ನವೀಕರಣವೂ ಈಗಲೇ ಬಂದಿದೆ. ನಾನು ಎಣ್ಣೆ ಬಿಟ್ಟ ಮಾರನೆಯ ದಿನವೇ ಅದೇ ಹಳೇ ಶಿಷ್ಯ, ಈಗ ತೋಳಿಗೆ ಪಟ್ಟಿ ಬಂದಿದೆ, ಮನೆಗೆ ಬಂದ. ‘ಸಾ, ಬೋರೇಗೌಡ್ರಿಗೆ ನಿಮ್ಮಿಂದ ಇನ್ನೂ ಪ್ರಾಣಭಯ ಐತಾ? ಐತೆ ಅನ್ನಿ, ಬರ್ಕೊಂಡೋಯ್ತೀನಿ.’

ಒಂದು ಮಾತು ಹೇಳಿದರೆ ಅಣ್ಣನಿಗೆ ಬಂದೂಕು ಉಳಿಯುತ್ತಿತ್ತು, ನನಗೂ ಕಟ್ಟುಮಸ್ತಾದ ಆಳೆಂಬ ಬಿರುದು ಉಳಿಯುತ್ತಿತ್ತು. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ‘ಇಲ್ಲಪ್ಪ’ ಎಂದೆ. ‘ನನ್ನಿಂದ ಅವನಿಗೆ ಯಾವ ಭಯವೂ ಇಲ್ಲ. ಮೊದಲೂ ಇರಲಿಲ್ಲ.’ ಅವನು ಬರೆದುಕೊಂಡ, ನಾನು ಸಹಿ ಹಾಕಿದೆ.

ನಿನ್ನೆ ಬೆಳಿಗ್ಗೆ ಬೋರಣ್ಣನ ಫೋನು ಬಂತು. ಬಂದೂಕು ಒಪ್ಪಿಸಬೇಕೆಂದು ಠಾಣೆಯಿಂದ ಅವನಿಗೆ ಆಗಲೇ ಹೇಳಿಕಳಿಸಿದ್ದರು. ಇಪ್ಪತ್ತು ನಿಮಿಷ ಬೈದ. ನನ್ನನ್ನು, ನಾನು ಮಾರಿದ ಹೊಲವನ್ನು, ನನ್ನ ಸೀಟಿಯನ್ನು, ಒಂದನ್ನೂ ಬಿಡಲಿಲ್ಲ. ಕಾಲು ಮುರಿಯುತ್ತೇನೆ ಎಂದ. ಸಾಕ್ಷಿಗೆ ಹೆಂಡತಿಯೂ ಕೇಳಿಸಿಕೊಂಡಳು, ಅರ್ಜಿ ಹಾಕಲು ನನಗೆ ಈಗ ಏನೂ ಅಡ್ಡಿಯಿರಲಿಲ್ಲ. ನಾನು ಹೂಂ ಎನ್ನುತ್ತ ಕೂತಿದ್ದೆ. ಅವನ ಉಸಿರು ಸುಸ್ತಾದದ್ದು ಕೇಳಿಸಿತು. ಹಿಂದುಗಡೆ ಯಾವುದೋ ಯಂತ್ರದ ಸದ್ದು.

‘ನಿಂತ್ಕೊಂಡಿರೋದು ಪ್ರೆಸ್ಸಲ್ಲಿ ಕಣ್ಲಾ’ ಎಂದ. ‘ಲಗ್ನಪತ್ರಿಕೆ ಪ್ರಿಂಟ್ ಆಯ್ತಾ ಐತೆ, ತಡೆದ್ ನಿಲ್ಸಿವ್ನಿ. ನಿನ್ನೆಸ್ರು ನನ್ನೆಸ್ರಿನ ಪಕ್ದಲ್ಲಾಕ್ಲಾ, ಕೆಳಗಾಕ್ಲಾ? ಬೇಗ ಏಳು.’

ಪಕ್ಕದಲ್ಲಿ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ನನ್ನ ಕೈಯಿಂದ ಫೋನು ಕಿತ್ತುಕೊಂಡು, ‘ಪಕ್ದಲ್ಲೇ ಆಕ್ಸಿ ಬಾವ’ ಎಂದಳು.